ಹಡಗಿನ ಊಟದ ಮೇಜು ಮತ್ತು ಕಮರ್‌ಬಂದ್

ಐಷಾರಾಮಿ ಹಡಗುಗಳಲ್ಲಿ ಪ್ರವಾಸ ಹೊರಡುವವರನ್ನು ಟಿಕೆಟ್ ಕೈಗೆ ಬಂದ ಕೂಡಲೇ ಒಂದು ಪ್ರಶ್ನೆ ಕಾಡತೊಡಗುತ್ತದೆ. ರಾತ್ರಿಯ ಊಟಕ್ಕೆ ಏನು ತೊಡಬೇಕು? ಕೋಟು ಬೇಕೇ, ಟೈ ಕಡ್ಡಾಯವೇ, ಶೇರ್ವಾನಿ ನಡೆದೀತೇ, ಸೀರೆ ಉಟ್ಟರೆ ಯಾರಾದರೂ ಏನಾದರೂ ಅಂದುಕೊಂಡಾರೇ? ಮೇಲ್ನೋಟಕ್ಕೆ ಇದು ಹಣವಿದ್ದವರ ಹಗುರ ಚಿಂತೆ. ಆದರೆ ಈ ಪ್ರಶ್ನೆಗೆ ನೂರೈವತ್ತು ವರ್ಷಗಳಿಗೂ ಮಿಕ್ಕಿದ ಚರಿತ್ರೆಯಿದೆ. ಆ ಚರಿತ್ರೆಯಲ್ಲಿ ಊಟಕ್ಕೆ ಕುಳಿತವರ ಜೊತೆಗೆ ಬಡಿಸುತ್ತಿದ್ದವರಿದ್ದಾರೆ, ತಳದಲ್ಲಿ ಕುಲುಮೆಗೆ ಕಲ್ಲಿದ್ದಲು ಎಸೆಯುತ್ತಿದ್ದವರಿದ್ದಾರೆ, ಮೇಜಿಗೆ ಬರುವ ಧೈರ್ಯ ಸಾಲದೆ ಕೋಣೆಯಲ್ಲೇ ಹಸಿವು ತೀರಿಸಿಕೊಂಡವರೂ ಇದ್ದಾರೆ. ಅವರಲ್ಲಿ ಬಹಳ ಮಂದಿ ನಮ್ಮವರು.

ಕತೆ ಶುರುವಾಗುವುದು ಪಿ ಅಂಡ್ ಓ ಕಂಪೆನಿಯ ಹಡಗುಗಳಿಂದ. 1837ರಲ್ಲಿ ಸ್ಪೇನ್, ಪೋರ್ಚುಗಲ್‌ಗಳಿಗೆ ಟಪಾಲು ಸಾಗಿಸುವ ಗುತ್ತಿಗೆ ಹಿಡಿದಿದ್ದ ಈ ಕಂಪೆನಿ, 1840ರಲ್ಲಿ ಸನದು ಪಡೆದು ಪೂರ್ವದ ಕಡೆಗೂ ಕೈಚಾಚಿತು. 1869ರ ನವೆಂಬರ್‌ನಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಮುಂಬಯಿ ಮತ್ತು ಇಂಗ್ಲೆಂಡಿನ ನಡುವಿನ ದಾರಿ ಕೆಲವು ವಾರಗಳಿಗೆ ಇಳಿಯಿತು. ಕಲೆಕ್ಟರರು, ಕರ್ನಲ್‌ಗಳು, ತೋಟದ ಮಾಲೀಕರು, ಅವರ ಪತ್ನಿಯರು, ಮದುವೆ ವಯಸ್ಸಿನ ಹೆಣ್ಣುಮಕ್ಕಳು ಎಲ್ಲರೂ ಈ ಹಡಗುಗಳಲ್ಲೇ ಬಂದರು, ಹೋದರು. ನೀರಿನ ಮೇಲೆ ತೇಲುವ ಒಂದು ಪುಟ್ಟ ಬ್ರಿಟಿಷ್ ಇಂಡಿಯಾ ಅದು. ನೆಲದ ಮೇಲಿನ ಎಲ್ಲ ಮೇಲು ಕೀಳುಗಳೂ ಅಲ್ಲಿದ್ದವು, ಊಟದ ಮೇಜಿನಲ್ಲಿ ಅವು ಎದ್ದು ಕಾಣುತ್ತಿದ್ದವು. ಯಾರು ಕ್ಯಾಪ್ಟನ್‌ನ ಮೇಜಿನಲ್ಲಿ, ಯಾರು ಬಾಗಿಲ ಬಳಿಯಲ್ಲಿ ಎಂಬುದೆಲ್ಲ ಹುದ್ದೆಯ ಮೇಲೆ ನಿಂತಿರುತ್ತಿತ್ತು.

ಊಟಕ್ಕೆ ಮುಂಚೆ ಬಿಗಿಲ್ ಊದುತ್ತಿದ್ದರು. ಊಟಕ್ಕೆ ಬನ್ನಿ ಎಂದಲ್ಲ, ಉಡುಪು ಬದಲಿಸಿಕೊಳ್ಳಿ ಎಂದು. ಊಟದ ಬಿಗಿಲ್ ಆಮೇಲೆ. ಗಂಡಸರಿಗೆ ಕಪ್ಪು ಕೋಟು, ಗಂಜಿ ಹಾಕಿ ಬಿರುಸುಗೊಳಿಸಿದ ಬಿಳಿ ಅಂಗಿ. ಹೆಂಗಸರಿಗೆ ಸಂಜೆಯ ಗೌನು. ಪ್ರಯಾಣದ ಮೊದಲ ರಾತ್ರಿ ಮತ್ತು ಕೊನೆಯ ರಾತ್ರಿ ಮಾತ್ರ ವಿನಾಯಿತಿ. ಮೊದಲ ದಿನ ಪೆಟ್ಟಿಗೆ ಬಿಚ್ಚಿರುವುದಿಲ್ಲ, ಕೊನೆಯ ದಿನ ಕಟ್ಟಿ ಆಗಿರುತ್ತದೆ, ಅಷ್ಟೇ ಕಾರಣ. ಕೆಲವು ಹಡಗುಗಳಲ್ಲಿ ಈ ಪದ್ಧತಿ ಇಂದಿಗೂ ಉಳಿದುಕೊಂಡಿದೆ.

ಕೆಂಪು ಸಮುದ್ರದ ಸೆಖೆಯಲ್ಲಿ ಈ ನಿಯಮ ಪಾಲಿಸುವುದು ಹುಡುಗಾಟವಾಗಿರಲಿಲ್ಲ. ಹವಾನಿಯಂತ್ರಣ ಇಲ್ಲದ ಕಾಲ. ಊಟದ ಮೇಜಿನ ಮೇಲೆ ತೂಗುವ ಪಂಖಾ, ಅದರ ಹಗ್ಗ ಎಳೆಯುವ ಹುಡುಗ. ರಾತ್ರಿ ಪ್ರಯಾಣಿಕರು ಕೋಣೆ ಬಿಟ್ಟು ಡೆಕ್ಕಿನ ಮೇಲೆ ಹಾಸಿಗೆ ಹಾಸಿಕೊಳ್ಳುತ್ತಿದ್ದರು. ಆದರೂ ಊಟಕ್ಕೆ ಕೋಟು ಬೇಕು. ಇದು ಸಭ್ಯತೆಯ ಪ್ರಶ್ನೆ ಮಾತ್ರ ಆಗಿರಲಿಲ್ಲ. ಆಳುವವನು ಆಳಿಸಿಕೊಳ್ಳುವವರ ಎದುರು ಎಂದೂ ಸಡಿಲವಾಗಿ ಕಾಣಿಸಿಕೊಳ್ಳಬಾರದು ಎಂಬ ರಾಜಕೀಯ ಅದರ ಹಿಂದಿತ್ತು. ಬೆವರಾದರೂ ಸರಿ, ಠೀವಿ ಇಳಿಯಬಾರದು.

ಈ ಬಿಗಿಯನ್ನು ಕೊಂಚ ಸಡಿಲಿಸಿದವನು ವೇಲ್ಸ್ ರಾಜಕುಮಾರ, ಮುಂದೆ ಏಳನೆಯ ಎಡ್ವರ್ಡ್ ದೊರೆಯಾದವನು. ಉದ್ದ ಬಾಲದ ಕೋಟಿನ ಬದಲು ಗಿಡ್ಡ ಕೋಟನ್ನು ಈತನಿಗಾಗಿ ಲಂಡನ್ನಿನ ಹೆನ್ರಿ ಪೂಲ್ ಎಂಬ ದರ್ಜಿ ಮನೆತನದವರು 1865ರಲ್ಲಿ ಹೊಲಿದುಕೊಟ್ಟರೆಂದು ಆ ಅಂಗಡಿಯವರ ಹೇಳಿಕೆ. 1875ರಲ್ಲಿ ಸೆರಾಪಿಸ್ ಎಂಬ ಹಡಗಿನಲ್ಲಿ ಇಂಡಿಯಾಕ್ಕೆ ಹೊರಟಾಗ ಅವನು ತನ್ನ ಪರಿವಾರಕ್ಕೆ ಊಟದ ಹೊತ್ತಿಗೆ ಗಿಡ್ಡ ಕೋಟು, ಕಪ್ಪು ಟೈ ಸಾಕೆಂದ. ಅಮೆರಿಕದಲ್ಲಿ ಇದೇ ಬಗೆಯ ಕೋಟಿಗೆ ನ್ಯೂಯಾರ್ಕ್ ಬಳಿಯ ಟಕ್ಸೆಡೊ ಪಾರ್ಕ್ ಎಂಬ ಸಿರಿವಂತರ ನೆಲೆಯಿಂದ ಟಕ್ಸೆಡೊ ಎಂಬ ಹೆಸರು ಬಂತು. ಮುಂದೆ ಸೆಖೆಯ ದೆಸೆಯಿಂದ ಕೋಟನ್ನೇ ಬಿಡುವ ಇನ್ನೊಂದು ಪದ್ಧತಿಯೂ ಹುಟ್ಟಿತು: ಬಿಳಿ ಅಂಗಿ, ಕಪ್ಪು ಷರಾಯಿ, ಸೊಂಟಕ್ಕೆ ರೇಷ್ಮೆಯ ಪಟ್ಟಿ. ಇದನ್ನು ‘ರೆಡ್ ಸೀ ರಿಗ್’ ಎಂದು ಕರೆದರು.

ಆ ರೇಷ್ಮೆಯ ಪಟ್ಟಿಯ ಹೆಸರು ಕಮರ್‌ಬಂದ್. ಉರ್ದು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಮರ್ ಎಂದರೆ ಸೊಂಟ, ಬಂದ್ ಎಂದರೆ ಕಟ್ಟು, ಪಾರಸಿಯ ಮಾತು. ಹಿಂದೂಸ್ತಾನದ ಸಿಪಾಯಿ, ಚಪರಾಸಿ, ಖಾನ್‌ಸಾಮಾ ಸುತ್ತಿಕೊಳ್ಳುತ್ತಿದ್ದ ನಡುಕಟ್ಟನ್ನು ಬ್ರಿಟಿಷ್ ಅಧಿಕಾರಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ತಮ್ಮದಾಗಿಸಿಕೊಂಡರು. ಸೆಖೆಗೆ ಒಗ್ಗದ ದಪ್ಪ ವೇಸ್ಟ್‌ಕೋಟಿನ ಜಾಗಕ್ಕೆ ಅದು ಬಂತು. ಇಂದು ಸಂಜೆಯ ವಿಲಾಯತಿ ಉಡುಪಿನ ಗುರುತೆಂದು ಜಗತ್ತು ತಿಳಿದಿರುವ ವಸ್ತು ನಮ್ಮ ಸೇವಕರ ಸೊಂಟದಿಂದ ಸಾಹೇಬರ ಸೊಂಟಕ್ಕೆ ಹೋದದ್ದು. ಬಟ್ಟೆಗೆ ಮೇಜಿನಲ್ಲಿ ಜಾಗ ಸಿಕ್ಕಿತು. ಅದನ್ನು ಉಟ್ಟಿದ್ದವನಿಗೆ ಸಿಗಲಿಲ್ಲ.

ಇಂಥ ಮೇಜಿನ ಮುಂದೆ ಪ್ರಯಾಣಿಕರಾಗಿ ಬಂದ ನಮ್ಮವರ ಪಾಡೇನು? ಕಾಲುವೆ ತೆರೆಯುವ ಕೆಲವು ತಿಂಗಳ ಮೊದಲು, 1869ರ ಏಪ್ರಿಲ್‌ನಲ್ಲಿ, ಸರ್ ಸಯ್ಯದ್ ಅಹಮದ್ ಖಾನ್ ಮುಂಬಯಿಯಿಂದ ಬರೋಡಾ ಎಂಬ ಹಡಗನ್ನೇರಿದರು. ಆಗ ಅವರಿಗೆ ಐವತ್ತೊಂದು ವರ್ಷ. ಜೊತೆಗೆ ಇಬ್ಬರು ಗಂಡುಮಕ್ಕಳು, ಸಯ್ಯದ್ ಹಾಮಿದ್ ಮತ್ತು ಸಯ್ಯದ್ ಮಹಮೂದ್. ಆ ಪ್ರಯಾಣದ ವಿವರಗಳನ್ನು ಅವರು ಉರ್ದುವಿನಲ್ಲಿ ಬರೆದು ಅಲೀಗಢದ ತಮ್ಮ ಪತ್ರಿಕೆಗೆ ಕಳುಹಿಸಿದರು. ‘ಮುಸಾಫಿರಾನೆ ಲಂಡನ್’ ಎಂಬ ಹೆಸರಿನಲ್ಲಿ ಅದು ಪುಸ್ತಕವಾಗಿದೆ. ಅವರಿಗೆ ಮೇಜಿನ ಊಟ ಹೊಸದಾಗಿರಲಿಲ್ಲ. ಕ್ರೈಸ್ತರ ಜೊತೆ ಕುಳಿತು ಉಣ್ಣುವುದು ಮುಸಲ್ಮಾನನಿಗೆ ನಿಷಿದ್ಧವಲ್ಲ ಎಂದು ವಾದಿಸಿ 1868ರಲ್ಲೇ ಒಂದು ಹೊತ್ತಗೆ ಬರೆದಿದ್ದರು. ಅದಕ್ಕೆ ಬೈಗುಳವೂ ಸಾಕಷ್ಟು ಸಿಕ್ಕಿತ್ತು. ಸರ್ ಸಯ್ಯದರ ಲೆಕ್ಕ ಸರಳ: ಒಂದೇ ಮೇಜಿನಲ್ಲಿ ಕುಳಿತು ಉಂಡವರು ಒಬ್ಬರನ್ನೊಬ್ಬರು ಕೀಳಾಗಿ ಕಾಣುವುದು ಕಷ್ಟ. ಇಂಗ್ಲೆಂಡಿನಿಂದ ಮರಳಿದ ಮೇಲೆ ಅವರು ತುರ್ಕಿ ಮಾದರಿಯ ಕೋಟು, ಕೆಂಪು ಟೋಪಿಯತ್ತ ಒಲಿದರು. ಇಸ್ತಾಂಬುಲ್‌ನ ಸುಲ್ತಾನರ ಅಧಿಕಾರಿಗಳು ಯುರೋಪಿನ ದರ್ಬಾರುಗಳಲ್ಲಿ ಮರ್ಯಾದೆಯಿಂದ ತೊಡುತ್ತಿದ್ದ ಉಡುಪು ಅದು. ವಿಲಾಯತಿಯವರ ಮೇಜಿಗೆ ಹೋಗಬೇಕು, ಆದರೆ ವಿಲಾಯತಿಯವನಾಗಿ ಅಲ್ಲ ಎಂಬ ಹಟ ಅದರಲ್ಲಿತ್ತು. ಅಲೀಗಢದ ಕಾಲೇಜಿನ ಹುಡುಗರ ಮೈಮೇಲೆ ಮುಂದೆ ಕಂಡ ಕಪ್ಪು ಶೇರ್ವಾನಿಯ ಹಿಂದೆಯೂ ಇದೇ ವಿಚಾರವಿದೆ.

ಹತ್ತೊಂಬತ್ತು ವರ್ಷಗಳ ನಂತರ, 1888ರ ಸೆಪ್ಟೆಂಬರ್ 4ರಂದು, ಮೋಹನದಾಸ ಗಾಂಧಿ ಎಂಬ ಹದಿನೆಂಟರ ಯುವಕ ಮುಂಬಯಿಯಿಂದ ಕ್ಲೈಡ್ ಎಂಬ ಹಡಗಿನಲ್ಲಿ ಹೊರಟರು. ಚಮಚ, ಮುಳ್ಳುಚಮಚ, ಚಾಕು ಹಿಡಿಯಲು ಬಾರದು. ಯಾವ ತಟ್ಟೆಯಲ್ಲಿ ಮಾಂಸವಿಲ್ಲ ಎಂದು ಇಂಗ್ಲಿಷಿನಲ್ಲಿ ಕೇಳಲು ಧೈರ್ಯವಿಲ್ಲ. ಹಾಗಾಗಿ ಅವರು ಊಟದ ಮೇಜಿಗೆ ಹೋಗಲೇ ಇಲ್ಲ. ಮನೆಯಿಂದ ತಂದಿದ್ದ ಸಿಹಿತಿಂಡಿ, ಹಣ್ಣುಗಳನ್ನು ಕೋಣೆಯಲ್ಲೇ ತಿಂದುಕೊಂಡು ದಿನ ಕಳೆದರು. ಹಡಗಿನಲ್ಲಿ ಕಪ್ಪು ಸೂಟು ತೊಟ್ಟು, ಬಿಳಿ ಫ್ಲಾನೆಲ್ ಸೂಟನ್ನು ಇಳಿಯುವ ದಿನಕ್ಕೆಂದು ಜೋಪಾನವಾಗಿ ಎತ್ತಿಟ್ಟಿದ್ದರು. ಇಂಗ್ಲೆಂಡಿನಲ್ಲಿ ಇಳಿದಾಗ ಸೆಪ್ಟೆಂಬರ್ ತಿಂಗಳ ಕೊನೆ. ಬಿಳಿ ತೊಟ್ಟವರು ಅವರೊಬ್ಬರೇ! ಪೆಟ್ಟಿಗೆಗಳು ಏಜೆಂಟರ ವಶದಲ್ಲಿದ್ದವು, ಮರುದಿನ ಭಾನುವಾರ. ನಾಚಿಕೆಯಿಂದ ಕುಗ್ಗಿಹೋದದ್ದನ್ನು ಅವರೇ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಆಮೇಲೆ ಲಂಡನ್ನಿನ ಬಾಂಡ್ ಸ್ಟ್ರೀಟಿನಲ್ಲಿ ಹತ್ತು ಪೌಂಡು ಸುರಿದು ಸಂಜೆಯ ಸೂಟು ಹೊಲಿಸಿಕೊಂಡದ್ದನ್ನೂ ಮರೆಮಾಚಿಲ್ಲ.

ಇವರೆಲ್ಲ ಟಿಕೆಟ್ ಕೊಂಡು ಬಂದವರು. ಟಿಕೆಟ್ ಇಲ್ಲದೆ ಇವರಿಗಿಂತ ಹೆಚ್ಚು ಸಲ ಈ ಸಮುದ್ರಗಳನ್ನು ದಾಟಿದವರು ಲಸ್ಕರರು. ಲಷ್ಕರ್ ಎಂಬ ಪಾರಸಿ ಮಾತಿನಿಂದಲೇ ಈ ಹೆಸರು. ಪಿ ಅಂಡ್ ಓ ಹಡಗುಗಳಲ್ಲಿ ಡೆಕ್ಕಿನ ಕೆಲಸಕ್ಕೆ ಕೊಂಕಣ, ಗುಜರಾತ್ ಕರಾವಳಿಯ ನಾವಿಕರು, ಎಂಜಿನ್ ಕೋಣೆಗೆ ಪಂಜಾಬಿಗಳು ಮತ್ತು ಪಠಾಣರು, ಊಟ ಬಡಿಸಲು ಗೋವೆಯ ಕ್ರೈಸ್ತರು. ಹೀಗೆ ಕೆಲಸಕ್ಕೊಂದು ಜಾತಿ, ಊರು ಹಂಚಿಕೊಟ್ಟಿದ್ದರು. 1914ರ ಹೊತ್ತಿಗೆ ಬ್ರಿಟಿಷ್ ವಾಣಿಜ್ಯ ಹಡಗುಗಳಲ್ಲಿ 50 ಸಾವಿರಕ್ಕೂ ಹೆಚ್ಚು ಲಸ್ಕರರಿದ್ದರು. ಅವರ ಸಂಬಳ ಬಿಳಿಯ ನಾವಿಕನ ಸಂಬಳದ ಒಂದು ಸಣ್ಣ ಪಾಲು. ಮಲಗುವ ಜಾಗದಲ್ಲೂ ತಾರತಮ್ಯ: ಬ್ರಿಟಿಷ್ ನಾವಿಕನಿಗೆ ಕಾಯಿದೆ 72 ಘನ ಅಡಿ ಕೊಟ್ಟಿದ್ದರೆ ಲಸ್ಕರನಿಗೆ 36. 1906ರಲ್ಲಿ ಬಿಳಿಯರ ಜಾಗವನ್ನು 120ಕ್ಕೆ ಏರಿಸಿದಾಗಲೂ ಲಸ್ಕರನ ಪಾಲು ಬೆಳೆಯಲಿಲ್ಲ.

ಆದರೆ ಅವರ ಉಡುಪಿನ ಬಗ್ಗೆ ಕಂಪೆನಿಗೆ ಬಹಳ ಕಾಳಜಿ. ಡೆಕ್ಕಿನ ಲಸ್ಕರನಿಗೆ ನೀಲಿ ನಿಲುವಂಗಿ, ಬಿಳಿ ಷರಾಯಿ, ಸೊಂಟಕ್ಕೆ ಕೆಂಪು ಪಟ್ಟಿ. ಪ್ರಯಾಣಿಕರ ಕಣ್ಣಿಗೆ ಪೂರ್ವದೇಶದ ಬಣ್ಣ ಕಾಣಬೇಕು. ಮೇಲೆ ಸಾಹೇಬ ರೇಷ್ಮೆಯ ಕಮರ್‌ಬಂದ್ ಬಿಗಿದು ಊಟಕ್ಕೆ ಇಳಿಯುವ ಹೊತ್ತಿಗೆ ಅದೇ ಡೆಕ್ಕಿನಲ್ಲಿ ಲಸ್ಕರನೂ ನಡುಕಟ್ಟು ಕಟ್ಟಿ ನಿಂತಿರುತ್ತಿದ್ದ. ಎಂಜಿನ್ ಕೋಣೆಯವನನ್ನು ಯಾರೂ ನೋಡುತ್ತಿರಲಿಲ್ಲವಾದ್ದರಿಂದ ಅವನ ಉಡುಪಿನ ಚಿಂತೆ ಯಾರಿಗೂ ಇರಲಿಲ್ಲ. ಕೆಂಪು ಸಮುದ್ರದಲ್ಲಿ ಕುಲುಮೆಯ ಮುಂದೆ ಕುಸಿದುಬಿದ್ದವರು ಅವರೇ.

ಸಭ್ಯಸ್ಥನ ಉಡುಪಿನ ಬಗ್ಗೆ ಮಾತು ಬಂದಾಗ ಟೈಟಾನಿಕ್ ಹಡಗನ್ನು ನೆನೆಯದವರಿಲ್ಲ. 1912ರ ಏಪ್ರಿಲ್‌ನಲ್ಲಿ ಅದು ಮುಳುಗುತ್ತಿದ್ದಾಗ ಬೆಂಜಮಿನ್ ಗುಗೆನ್‌ಹೈಮ್ ಎಂಬ ಸಿರಿವಂತ ಸಂಜೆಯ ಉಡುಪು ತೊಟ್ಟು ಬಂದು ಸಭ್ಯಸ್ಥನಾಗಿಯೇ ಸಾಯುತ್ತೇನೆಂದ ಎಂದು ಬದುಕುಳಿದ ಹಡಗಿನ ಸಿಬ್ಬಂದಿಯೊಬ್ಬ ಹೇಳಿದ್ದು ಲೋಕಪ್ರಸಿದ್ಧ. ಆ ಧೈರ್ಯವನ್ನು ಹಳಿಯಬೇಕಾಗಿಲ್ಲ. ಆದರೆ ಅದಕ್ಕೆ ಮೂವತ್ತೆರಡು ವರ್ಷ ಮೊದಲು, 1880ರ ಆಗಸ್ಟ್‌ನಲ್ಲಿ, ಜೆದ್ದಾ ಎಂಬ ಹಡಗು ಒಂಬೈನೂರಕ್ಕೂ ಹೆಚ್ಚು ಹಜ್ ಯಾತ್ರಿಕರನ್ನು ಹೊತ್ತು ಸಿಂಗಾಪುರದ ಕಡೆಯಿಂದ ಬರುತ್ತಿದ್ದಾಗ ಬಿರುಗಾಳಿಗೆ ಸಿಕ್ಕಿ ನೀರು ತುಂಬಿಕೊಂಡಿತು. ಸಮವಸ್ತ್ರದ ಬ್ರಿಟಿಷ್ ಕ್ಯಾಪ್ಟನ್ ಮತ್ತು ಅವನ ಅಧಿಕಾರಿಗಳು ದೋಣಿ ಇಳಿಸಿಕೊಂಡು ಪಾರಾದರು. ಹಡಗು ಮುಳುಗಿತೆಂದು ಏಡನ್‌ನಲ್ಲಿ ಸುದ್ದಿಯನ್ನೂ ಕೊಟ್ಟರು. ಮರುದಿನಗಳಲ್ಲೇ ಇನ್ನೊಂದು ಹಡಗು ಜೆದ್ದಾವನ್ನು ಎಳೆದುಕೊಂಡು ಏಡನ್‌ಗೆ ಬಂತು. ಯಾತ್ರಿಕರು ಜೀವಂತವಾಗಿದ್ದರು, ನೀರು ಎತ್ತಿಹಾಕಿ ಹಡಗನ್ನು ಉಳಿಸಿಕೊಂಡವರಲ್ಲಿ ಅವರೂ ಇದ್ದರು. ಈ ಘಟನೆಯಿಂದಲೇ ಜೋಸೆಫ್ ಕಾನ್ರಾಡ್ ‘ಲಾರ್ಡ್ ಜಿಮ್’ ಕಾದಂಬರಿಯ ಎಳೆ ಹಿಡಿದ. ಉಡುಪಿಗೂ ನಡತೆಗೂ ಇರುವ ನಂಟು ಎಷ್ಟು ತೆಳುವಾದುದೆಂದು ತಿಳಿಯಲು ಈ ಎರಡು ಹಡಗುಗಳನ್ನು ಒಟ್ಟಿಗೆ ನೆನೆಯಬೇಕು.

ಅದೇ ಸಮುದ್ರದಲ್ಲಿ ಉಡುಪಿನ ಇನ್ನೊಂದು ನಿಯಮವೂ ನಡೆದಿತ್ತು. ಮುಂಬಯಿಯಿಂದ ಜೆದ್ದಾಕ್ಕೆ ಹೋಗುವ ಹಜ್ ಹಡಗು ಯಲಮ್‌ಲಮ್‌ನ ನೇರಕ್ಕೆ ಬರುವ ಮುನ್ನ ಗಂಡಸರೆಲ್ಲ ಮಿಂದು ಇಹ್ರಾಮ್ ತೊಡಬೇಕು. ಹೊಲಿಗೆಯಿಲ್ಲದ ಎರಡು ಬಿಳಿ ಬಟ್ಟೆ. ನವಾಬನಿಗೂ ಅದೇ, ಬೀಡಿ ಕಟ್ಟುವವನಿಗೂ ಅದೇ. ಪಿ ಅಂಡ್ ಓ ಹಡಗಿನಲ್ಲಿ ಬಿಗಿಲ್ ಊದಿದಾಗ ಜನ ಯಾರು ಮೇಲು ಎಂದು ತೋರಿಸಲು ಉಡುಪು ಬದಲಿಸುತ್ತಿದ್ದರು. ಯಾತ್ರೆಯ ಹಡಗಿನಲ್ಲಿ ಆ ಗುರುತನ್ನು ಕಳಚಿಡಲು ಬದಲಿಸುತ್ತಿದ್ದರು. ಹಾಗೆಂದು ಹಜ್ ಹಡಗು ಸಮಾನತೆಯ ಸ್ವರ್ಗವಾಗಿತ್ತೆಂದು ಬೆನ್ನು ತಟ್ಟಿಕೊಳ್ಳುವಂತಿಲ್ಲ. ಅಲ್ಲೂ ಮೊದಲ ದರ್ಜೆಯಿತ್ತು, ಡೆಕ್ಕಿನ ಮೇಲೆ ಗಂಟುಮೂಟೆಗಳ ನಡುವೆ ಅನ್ನ ಬೇಯಿಸಿಕೊಳ್ಳುವ ಬಡವರಿದ್ದರು. ಇಹ್ರಾಮ್ ಒಂದೇ ಆದರೂ ಅದನ್ನು ತೊಟ್ಟು ಮಲಗುವ ಜಾಗ ಬೇರೆ ಬೇರೆಯೇ ಆಗಿತ್ತು. 1995ರಲ್ಲಿ ಮುಂಬಯಿಯ ಹಜ್ ಹಡಗುಗಳ ಯಾನ ನಿಂತಿತು.

1931ರ ಆಗಸ್ಟ್ 29ರಂದು ಗಾಂಧಿ ಮತ್ತೆ ಪಿ ಅಂಡ್ ಓ ಹಡಗನ್ನೇರಿದರು, ದುಂಡುಮೇಜಿನ ಪರಿಷತ್ತಿಗಾಗಿ. ಹಡಗಿನ ಹೆಸರು ರಾಜಪುತಾನಾ. ಈಗ ಮೈಮೇಲೆ ತುಂಡು ಪಂಚೆ, ಶಾಲು. ಸಂಗಡಿಗರು ಹೊತ್ತುತಂದ ಪೆಟ್ಟಿಗೆಗಳ ರಾಶಿ ಕಂಡು ಸಿಡಿಮಿಡಿಗೊಂಡು ಹಲವನ್ನು ಏಡನ್‌ನಿಂದಲೇ ವಾಪಸು ಕಳುಹಿಸಿದರು. ಅದೇ ಹಡಗಿನಲ್ಲಿ ಸರೋಜಿನಿ ನಾಯ್ಡು ಸೀರೆಯುಟ್ಟೇ ಹೊರಟಿದ್ದರು. ಅಂದು ನಾಚಿ ಕೋಣೆಯಲ್ಲಿ ಅಡಗಿದ ಹುಡುಗ ಇಂದು ಅದೇ ಕಂಪೆನಿಯ ಹಡಗಿನ ಡೆಕ್ಕಿನಲ್ಲಿ ಪಂಚೆಯಲ್ಲಿ ಕುಳಿತು ನೂಲುತ್ತಿದ್ದರು. ಮುಂದೆ ಬಕಿಂಗ್‌ಹ್ಯಾಮ್ ಅರಮನೆಗೂ ಅದೇ ಉಡುಪಿನಲ್ಲಿ ಹೋದರು. ದುಂಡುಮೇಜಿನ ಸಭೆಗಳಲ್ಲಿ ನಮ್ಮ ಮೈಸೂರಿನ ದಿವಾನ ಸರ್ ಮಿರ್ಜಾ ಇಸ್ಮಾಯಿಲ್ ಕೂಡ ಇದ್ದರು. ಮಿರ್ಜಾ ಅವರ ಚಿತ್ರ ಎಂದರೆ ನಮ್ಮ ಕಣ್ಣಿಗೆ ಕಟ್ಟುವುದು ತಲೆಯ ಮೇಲಿನ ಮೈಸೂರು ಪೇಟ. ಒಬ್ಬರು ಬಡವನ ಪಂಚೆಯಲ್ಲಿ, ಒಬ್ಬರು ಸಂಸ್ಥಾನದ ಪೇಟದಲ್ಲಿ, ಇನ್ನೊಬ್ಬರು ಶೇರ್ವಾನಿಯಲ್ಲಿ ಇಂಗ್ಲಿಷರ ಎದುರು ಕುಳಿತರು. ಇಂದು ಔತಣದ ಆಮಂತ್ರಣಗಳಲ್ಲಿ ‘ಕಪ್ಪು ಟೈ ಅಥವಾ ರಾಷ್ಟ್ರೀಯ ಉಡುಪು’ ಎಂದು ಅಚ್ಚಾಗುತ್ತದೆ. ಆ ‘ಅಥವಾ’ ಎಂಬ ಮೂರಕ್ಷರಕ್ಕೆ ಬಹಳ ಬೆಲೆ ತೆರಲಾಗಿದೆ.

ವಿಮಾನಗಳು ಬಂದು ಹಡಗಿನ ಪ್ರಯಾಣ ಬರಿಯ ವಿಹಾರವಾಯಿತು. 1891ರಲ್ಲಿ ಜರ್ಮನಿಯ ಆಲ್ಬರ್ಟ್ ಬಾಲಿನ್ ಚಳಿಗಾಲದಲ್ಲಿ ಖಾಲಿ ನಿಲ್ಲುತ್ತಿದ್ದ ಹಡಗನ್ನು ಮೆಡಿಟರೇನಿಯನ್ ವಿಹಾರಕ್ಕೆ ಕಳುಹಿಸಿ ಹಾಕಿದ್ದ ದಾರಿ ಹೆದ್ದಾರಿಯಾಯಿತು. 2000ದಲ್ಲಿ ನಾರ್ವೀಜಿಯನ್ ಕ್ರೂಸ್ ಲೈನ್ ಇಷ್ಟಬಂದ ಹೊತ್ತಿಗೆ, ಇಷ್ಟಬಂದ ಉಡುಪಿನಲ್ಲಿ ಉಣ್ಣಿ ಎಂದು ಸಾರಿತು. ಕ್ಯುನಾರ್ಡ್‌ನಂಥ ಹಳೆಯ ಕಂಪೆನಿಗಳು ಸಂಜೆಯ ಠೀವಿಯನ್ನೇ ಮಾರಾಟದ ಸರಕಾಗಿಸಿಕೊಂಡಿವೆ. ಹಿಂದೆ ಆಳುವವರ ಕರ್ತವ್ಯವಾಗಿದ್ದದ್ದು ಈಗ ಹಣ ಕೊಟ್ಟವರ ಮೋಜು.

ಬದಲಾಗದ್ದು ಒಂದಿದೆ. ನವಮಂಗಳೂರು ಬಂದರಿಗೆ ಪ್ರವಾಸಿ ಹಡಗುಗಳು ಬರುತ್ತವೆ. ಪ್ರವಾಸಿಗರು ಮೂಡುಬಿದಿರೆಯ ಸಾವಿರ ಕಂಬದ ಬಸದಿ ನೋಡಿ ಸಂಜೆಗೆ ಮರಳುತ್ತಾರೆ. ದೇಶದೇಶಗಳ ಇಂಥ ಹಡಗುಗಳಲ್ಲಿ ಅಡುಗೆಮನೆ, ಊಟದ ಹಾಲ್‌ಗಳಲ್ಲಿ ದುಡಿಯುವ ಹುಡುಗರಲ್ಲಿ ಗೋವೆಯವರಿದ್ದಾರೆ, ನಮ್ಮ ಕರಾವಳಿಯವರೂ ಇದ್ದಾರೆ. ತಿಂಗಳುಗಟ್ಟಲೆ ಮನೆ ಬಿಟ್ಟು, ದಿನವೂ ತೊಳೆದು ಇಸ್ತ್ರಿ ಹಾಕಿದ ಸಮವಸ್ತ್ರ ತೊಟ್ಟು ನಿಲ್ಲುತ್ತಾರೆ. ರಾತ್ರಿಯ ಊಟಕ್ಕೆ ಏನು ತೊಡಲಿ ಎಂಬ ಪ್ರಶ್ನೆಯೇ ಅವರಿಗಿಲ್ಲ, ಅದನ್ನು ಕಂಪೆನಿ ತೀರ್ಮಾನಿಸಿರುತ್ತದೆ. ಹಡಗಿನ ಮೇಜಿಗೆ ಹೋಗುವವರು ಸೂಟನ್ನೋ ಶೇರ್ವಾನಿಯನ್ನೋ ಸೀರೆಯನ್ನೋ ಇಷ್ಟಬಂದಂತೆ ತೊಡಲಿ. ತಟ್ಟೆ ತಂದಿಟ್ಟವನ ಮುಖ ನೋಡಿ ಅವನ ಊರು ಯಾವುದೆಂದು ಕೇಳುವುದಕ್ಕೆ ಯಾವ ಉಡುಪೂ ಅಡ್ಡಿಯಾಗಬೇಕಿಲ್ಲ.