ಐದು ದಿನದ ಮಳೆಯ ಲೆಕ್ಕ



ರೋಹಿಣಿ ಹುಯ್ದರೆ ಏನು ಬಿತ್ತಬೇಕು, ಆರಿದ್ರೆ ಕೈಕೊಟ್ಟರೆ ಏನು ಮಾಡಬೇಕು ಎಂಬುದು ನಿಮ್ಮ ಮನೆಯ ಹಿರಿಯರಿಗೆ ಬಾಯಿಪಾಠ. ಆದರೆ ಬರುವ ಶುಕ್ರವಾರ ಮಳೆಯೋ ಬಿಸಿಲೋ ಎಂದು ಕೇಳಿ ನೋಡಿ, ನಕ್ಷತ್ರದ ಲೆಕ್ಕ ಅದನ್ನು ಹೇಳುವುದಿಲ್ಲ. ನಮ್ಮ ದೇಶದಲ್ಲಿ ರೈತರಿಗಾಗಿಯೇ ರೇಡಿಯೋದಲ್ಲಿ ಹವಾಮಾನದ ವಾರ್ತೆ ಶುರುವಾದದ್ದು 1945ರಲ್ಲಿ. ಆಗ ಒಂದೆರಡು ದಿನದ ಮಾತು ಹೇಳಿದರೆ ಅದೇ ಹೆಚ್ಚು. ಐದು ದಿನ, ಹತ್ತು ದಿನ ಮುಂದಿನದನ್ನು ಹೇಳುವ ವಿದ್ಯೆ ಹೇಗೆ ಬಂತು, ಅದನ್ನು ಎಷ್ಟರಮಟ್ಟಿಗೆ ನಂಬಬೇಕು ಎಂಬುದನ್ನು ಸ್ವಲ್ಪ ನೋಡೋಣ.

ಮೊದಲನೆಯ ಮಹಾಯುದ್ಧದ ಕಾಲ. ಲೂಯಿಸ್ ಫ್ರೈ ರಿಚರ್ಡ್‌ಸನ್ ಎಂಬ ಇಂಗ್ಲಿಷ್ ವಿಜ್ಞಾನಿ ಫ್ರಾನ್ಸಿನಲ್ಲಿ ಗಾಯಾಳುಗಳ ಗಾಡಿ ಓಡಿಸುತ್ತಿದ್ದರು. ಯುದ್ಧ ಮಾಡಲಾರೆ, ಗಾಯಗೊಂಡವರ ಸೇವೆ ಮಾಡುತ್ತೇನೆ ಎಂದು ಹೋದವರು. ಬಿಡುವಾದಾಗ ಹುಲ್ಲಿನ ರಾಶಿಯನ್ನೇ ಮೇಜು ಮಾಡಿಕೊಂಡು ಅವರು ಲೆಕ್ಕಕ್ಕೆ ಕೂಡುತ್ತಿದ್ದರು. 1910ರ ಮೇ 20ರ ಬೆಳಗಿನ ಗಾಳಿ, ವಾಯುಭಾರ, ಶಾಖ ಇವುಗಳ ಅಳತೆ ಹಿಡಿದು, ಆರು ಗಂಟೆಗಳಲ್ಲಿ ವಾಯುಭಾರ ಎಷ್ಟು ಬದಲಾಗಬೇಕೆಂದು ಕೈಯಲ್ಲೇ ಗುಣಿಸಿದರು. ಉತ್ತರ ಬಂದದ್ದು 145 ಮಿಲಿಬಾರ್ ಏರಿಕೆ! ಭಾರೀ ಚಂಡಮಾರುತ ಹಾದುಹೋದರೂ ಆರು ಗಂಟೆಯಲ್ಲಿ ಅಷ್ಟು ಏರುಪೇರಾಗದು. ನಿಜವಾಗಿ ಅಂದು ವಾಯುಭಾರ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಆ ಹಸ್ತಪ್ರತಿ ಯುದ್ಧದ ಗಲಾಟೆಯಲ್ಲಿ ಕಳೆದೂ ಹೋಯಿತು. ತಿಂಗಳುಗಳ ಮೇಲೆ ಬೆಲ್ಜಿಯಂನಲ್ಲಿ ಕಲ್ಲಿದ್ದಲಿನ ರಾಶಿಯ ಅಡಿಯಲ್ಲಿ ಸಿಕ್ಕಿತು. 1922ರಲ್ಲಿ ರಿಚರ್ಡ್‌ಸನ್ ಅದನ್ನು ಪುಸ್ತಕ ಮಾಡಿ, ತಪ್ಪಿದ ಉತ್ತರವನ್ನೂ ಮುಚ್ಚಿಡದೆ ಅಚ್ಚು ಹಾಕಿಸಿದರು. ದೊಡ್ಡ ಮನುಷ್ಯ ಎನ್ನಬೇಕು. ಅವರ ವಿಧಾನ ಸರಿಯಾಗಿಯೇ ಇತ್ತು. ಮೊದಲು ಹಾಕಿಕೊಂಡ ಗಾಳಿಯ ಅಳತೆಗೂ ವಾಯುಭಾರದ ಅಳತೆಗೂ ಹೊಂದಿಕೆ ಇರಲಿಲ್ಲ, ಅಷ್ಟೆ.

1950ರಲ್ಲಿ ಅಮೆರಿಕದಲ್ಲಿ ಎನಿಯಾಕ್ ಎಂಬ ಗಣಕಯಂತ್ರದ ಮೇಲೆ ಈ ಲೆಕ್ಕ ಗೆದ್ದಿತು. ಒಂದು ದಿನದ ಮುನ್ಸೂಚನೆಗೆ ಸುಮಾರು ಒಂದು ದಿನವೇ ಹಿಡಿಯಿತು, ಅದು ಬೇರೆ ಮಾತು.

ಯಂತ್ರ ವೇಗವಾದರೆ ತಿಂಗಳ ಮಳೆಯನ್ನೂ ಹೇಳಬಹುದಲ್ಲ ಎಂದು ಕೆಲವರು ಹಿಗ್ಗಿದರು. 1961ರಲ್ಲಿ ಎಡ್ವರ್ಡ್ ಲೊರೆಂಜ್ ಎಂಬ ವಿಜ್ಞಾನಿ ತಮ್ಮ ಯಂತ್ರದಲ್ಲಿ ಹಳೆಯ ಲೆಕ್ಕವೊಂದನ್ನು ನಡುವಿನಿಂದ ಮತ್ತೆ ಹೂಡಿದರು. ಯಂತ್ರದೊಳಗೆ ಇದ್ದದ್ದು 0.506127, ಇವರು ಕಾಗದ ನೋಡಿ ಕೊಟ್ಟದ್ದು 0.506. ಕಾಫಿ ಕುಡಿದು ಬಂದು ನೋಡುತ್ತಾರೆ, ಮೊದಮೊದಲು ಎರಡು ಲೆಕ್ಕವೂ ಜೋಡೆತ್ತಿನ ಹಾಗೆ ಸಾಗಿ, ಆಮೇಲೆ ಒಂದು ಈ ದಿಕ್ಕು, ಇನ್ನೊಂದು ಆ ದಿಕ್ಕು! ಆಕಾಶವನ್ನು ಪೂರ್ತಿ ಕರಾರುವಾಕ್ಕಾಗಿ ಅಳೆಯುವುದು ಯಾರಿಂದಲೂ ಆಗದು. ಆದ್ದರಿಂದ ದಿನ ಮುಂದೆ ಹೋದಷ್ಟೂ ಲೆಕ್ಕ ಸಡಿಲವಾಗುತ್ತದೆ.

ಇದಕ್ಕೊಂದು ಉಪಾಯ ಹುಡುಕಿದರು. ಯೂರೋಪಿನ ದೇಶಗಳು ಕೂಡಿ ಕಟ್ಟಿದ ಕೇಂದ್ರ 1979ರಲ್ಲಿ ಮಧ್ಯಮಾವಧಿಯ ಮುನ್ಸೂಚನೆ ಆರಂಭಿಸಿತ್ತು. 1992ರಿಂದ ಅಲ್ಲಿಯೂ ಅಮೆರಿಕದಲ್ಲಿಯೂ ಒಂದೇ ಲೆಕ್ಕಕ್ಕೆ ನಿಲ್ಲದೆ, ಆರಂಭದ ಅಳತೆಯನ್ನು ಕೂದಲೆಳೆಯಷ್ಟು ಬದಲಿಸಿ ಹತ್ತಾರು ಸಲ ಲೆಕ್ಕ ಹಾಕತೊಡಗಿದರು. ಹತ್ತು ಜನ ಸಾಕ್ಷಿಗಳನ್ನು ಬೇರೆಬೇರೆ ಕೂಡಿಸಿ ಕೇಳಿದ ಹಾಗೆ ಅನ್ನಿ. ಎಲ್ಲರ ಮಾತೂ ಒಂದಾದರೆ ನಂಬಿಕೆ ಹೆಚ್ಚು, ದಿಕ್ಕಾಪಾಲಾದರೆ ಕಡಿಮೆ.

ನಮ್ಮಲ್ಲಿ ಈ ಕೆಲಸಕ್ಕೆಂದೇ 1988ರಲ್ಲಿ ದೆಹಲಿಯಲ್ಲಿ ರಾಷ್ಟ್ರೀಯ ಕೇಂದ್ರ ಹುಟ್ಟಿತು. ಅಮೆರಿಕದ ಕ್ರೇ ಯಂತ್ರ ತರಿಸಿದರು. ಆ ಯಂತ್ರ ಭೂಮಿಯನ್ನು ಸುಮಾರು 150 ಕಿಲೋಮೀಟರಿನ ಚೌಕಗಳಾಗಿ ಕಾಣುತ್ತಿತ್ತು. ಅಷ್ಟು ದೊಡ್ಡ ಚೌಕದಲ್ಲಿ ಆಗುಂಬೆಯೂ ಸೇರುತ್ತದೆ, ಕಡೂರೂ ಸೇರುತ್ತದೆ! ಧೋ ಎಂದು ಸುರಿಯುವ ಆಗುಂಬೆಗೂ ಮೋಡ ನೋಡುತ್ತ ಕೂಡುವ ಕಡೂರಿಗೂ ಯಂತ್ರ ಕೊಟ್ಟದ್ದು ಒಂದೇ ಮಳೆ. ಅದಕ್ಕೇ ಯಂತ್ರದ ಅಂಕಿಯನ್ನು ಹಾಗೆಯೇ ಹಳ್ಳಿಗೆ ಕಳಿಸಲಾಗುತ್ತಿರಲಿಲ್ಲ. ಆಯಾ ಊರಿನ ಹಳೆಯ ಮಳೆ ದಾಖಲೆಯೊಡನೆ ತಾಳೆ ನೋಡಿ ತಿದ್ದುತ್ತಿದ್ದರು. 2025ರಲ್ಲಿ ಬಂದ ನಮ್ಮ ದೇಶದ ಹೊಸ ಪದ್ಧತಿಯಲ್ಲಿ ಚೌಕ 6 ಕಿಲೋಮೀಟರಿಗೆ ಇಳಿದಿದೆ. ಆದರೂ ಗುಡುಗುಮಳೆ ಒಂದು ಹೊಲ ತೋಯಿಸಿ ಪಕ್ಕದ ಹೊಲ ಬಿಡುವುದುಂಟು, ನೀವೇ ಕಂಡಿದ್ದೀರಿ. ತಿದ್ದುವ ಕೈ ಇನ್ನೂ ಬೇಕು. ಬೆಂಗಳೂರು, ಧಾರವಾಡ, ರಾಯಚೂರುಗಳ ಕೃಷಿ ವಿಶ್ವವಿದ್ಯಾಲಯದವರು ಆ ಅಂಕಿಗಳನ್ನು ಬೆಳೆಗೆ ಹೊಂದಿಸಿ ಸಲಹೆ ಬರೆಯುತ್ತಾರೆ.

ಇನ್ನು ನಿಮ್ಮ ಕೈಗೆ ಬರುವ ಮಾತು. "ಮಳೆಯ ಸಾಧ್ಯತೆ ನೂರಕ್ಕೆ 60" ಎಂದರೆ 60 ಮಿಲಿಮೀಟರ್ ಮಳೆಯೆಂದಲ್ಲ, ಊರಿನ ನೂರರಲ್ಲಿ 60 ಹೊಲಕ್ಕೆ ಮಳೆಯೆಂದೂ ಅಲ್ಲ. 50 ಲೆಕ್ಕ ಹಾಕಿದ್ದರೆ ಸುಮಾರು 30ರಲ್ಲಿ ಮಳೆ ಕಂಡಿದೆ, 20ರಲ್ಲಿ ಇಲ್ಲ ಎಂದು ತಿಳಿಯಿರಿ. ಕಡಲೆಕಾಯಿ ಇನ್ನೂ ಕಿತ್ತಿಲ್ಲ, ನೆಲ ಹದವಾಗಿದೆ, ಬಲಿತ ಕಾಯಿಗೆ ಇನ್ನೂ ನಾಲ್ಕು ದಿನ ಅವಕಾಶವಿದೆ ಎನ್ನಿ. ಆಗ 60 ಎಂಬುದು ಕಾಯಲು ಸಾಕಾದ ಕಾರಣ. ಕಿತ್ತು ಹೊಲದಲ್ಲಿ ಹರವಿದ್ದರೆ ನೂರಕ್ಕೆ 30 ಎಂದರೂ ಕುಪ್ಪೆ ಹಾಕಿ ತಾಡಪಾಲು ಹೊದಿಸುವುದೇ ಲೇಸು, ಏಕೆಂದರೆ ಹೊದಿಸಿದ್ದಕ್ಕೆ ಹೋಗುವುದು ಅರ್ಧ ದಿನದ ಕೂಲಿ, ನೆನೆದರೆ ಹೋಗುವುದು ವರ್ಷದ ಬೆಳೆ. ಐದನೆಯ ದಿನದ ಮಾತನ್ನು ಎರಡು ದಿನ ಬಿಟ್ಟು ಬರುವ ಹೊಸ ವಾರ್ತೆಯಲ್ಲಿ ಮತ್ತೊಮ್ಮೆ ಕೇಳಿ. ಅಷ್ಟರಲ್ಲಿ ಹೊಸ ಅಳತೆ ಸೇರಿ, ಲೆಕ್ಕವನ್ನು ಮೊದಲಿನಿಂದ ಹಾಕಿರುತ್ತಾರೆ.