ಡೋವರಿನ ಸೂರ್ಯಗೃಹ: ಮನೆ ಕಾಯಿಸುವ ವ್ಯವಸ್ಥೆಯ ಇತಿಹಾಸದಲ್ಲಿ ಒಂದು ಅಧ್ಯಾಯ

ಚಳಿನಾಡುಗಳಲ್ಲಿ ಹೊಸ ಮನೆ ಕಟ್ಟಿಸುವವರು ತಳಹದಿ ಹಾಕುವ ಮೊದಲೇ ನಿರ್ಧರಿಸಬೇಕಾದ ವಿಷಯವೊಂದುಂಟು: ಆ ಮನೆಯನ್ನು ಯಾವುದರಿಂದ ಬೆಚ್ಚಗಿಡುವುದು? ನಮ್ಮ ಗೃಹಸ್ಥನಿಗೆ ಬಚ್ಚಲೊಲೆಯ ಹಂಡೆ ಕಾದರೆ ಸಾಕು; ಅಲ್ಲಿ ವರ್ಷದ ಹಲವು ತಿಂಗಳು ಇಡೀ ಮನೆಯೇ ಕಾಯಬೇಕು. ಸೌದೆ, ಕಲ್ಲಿದ್ದಲು, ತೈಲ, ಅನಿಲ, ವಿದ್ಯುತ್ತು ಎಂದು ಈ ಪ್ರಶ್ನೆಗೆ ಕಾಲಕಾಲಕ್ಕೆ ದೊರೆತ ಉತ್ತರಗಳಲ್ಲಿ ಆ ಸಮಾಜಗಳ ಆರ್ಥಿಕ ಚರಿತ್ರೆಯೇ ಅಡಗಿದೆ. ಅಮೆರಿಕದ ಮೆಸಾಚುಸೆಟ್ಸ್ ಸಂಸ್ಥಾನದ ಡೋವರ್ ಎಂಬಲ್ಲಿ 1948ರಲ್ಲಿ ಕಟ್ಟಿದ ಒಂದು ಮನೆ ಈ ಪ್ರಶ್ನೆಗೆ ತೀರ ಹೊಸದಾದ ಉತ್ತರವನ್ನು ಕೊಡಹೊರಟು ಸೋತಿತು. ಆ ಸೋಲಿಗೆ ಸಾಮಾನ್ಯವಾಗಿ ಹೇಳುವ ಕಾರಣ ಸುಳ್ಳಲ್ಲ, ಆದರೆ ಅಪೂರ್ಣವೆಂದು ತೋರುತ್ತದೆ.

ಇದರ ಪೂರ್ವಚರಿತ್ರೆ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಗೆ ಸೇರಿದ್ದು. ಸೌರಶಕ್ತಿಯ ಸಂಶೋಧನೆಗೆಂದು ಆ ಸಂಸ್ಥೆಗೆ 1938ರಲ್ಲಿ ದತ್ತಿಯಿತ್ತವನು ಗಾಡ್‌ಫ್ರಿ ಕ್ಯಾಬಟ್. ಅವನ ಸಂಪತ್ತೆಲ್ಲ ಅನಿಲ ಮತ್ತು ಇಂಗಾಲದ ಮಸಿಯ ಉದ್ಯಮದಿಂದ ಬಂದುದೆಂಬುದು ಇತಿಹಾಸದ ಒಂದು ವಿನೋದ. ಹಾಯ್ಟ್ ಹಾಟಲ್ ಮುಂತಾದವರು 1939ರಲ್ಲಿ ಕಟ್ಟಿದ ಪ್ರಯೋಗಗೃಹದ ನೆಲಮಾಳಿಗೆಯನ್ನು ಸುಮಾರು 65,000 ಲೀಟರು ಹಿಡಿಯುವ ನೀರಿನ ತೊಟ್ಟಿ ಆಕ್ರಮಿಸಿತ್ತು. ಬೇಸಗೆಯ ಬಿಸಿಯನ್ನು ಚಳಿಗಾಲದವರೆಗೆ ಕೂಡಿಡುವುದು ಅವರ ಉದ್ದೇಶ. ಉದ್ದೇಶವೇನೋ ಸಾಧಿಸಿತು; ಆದರೆ ಒಂದು ಪುಟ್ಟ ಕಟ್ಟಡಕ್ಕೆ ಅಷ್ಟು ದೊಡ್ಡ ತೊಟ್ಟಿಯನ್ನು ಯಾವ ಗೃಹಸ್ಥ ತಾನೆ ಕಟ್ಟಿಸಿಯಾನು?

ಈ ತೊಡಕಿಗೆ ಪರಿಹಾರ ಸೂಚಿಸಿದವರು ಅದೇ ಸಂಸ್ಥೆಯಲ್ಲಿದ್ದ ಮಾರಿಯಾ ಟೆಲ್ಕೆಸ್. 1900ರಲ್ಲಿ ಬುಡಾಪೆಸ್ಟಿನಲ್ಲಿ ಹುಟ್ಟಿದ ಈಕೆ ಭೌತರಸಾಯನ ಶಾಸ್ತ್ರದಲ್ಲಿ ನುರಿತವರು. ಒಂದು ಕಿಲೋಗ್ರಾಂ ನೀರಿನ ಉಷ್ಣತೆಯನ್ನು 10 ಡಿಗ್ರಿ ಸೆಂಟಿಗ್ರೇಡ್ ಏರಿಸಿದರೆ ಅದರಲ್ಲಿ ಕೂಡುವ ಶಾಖ ಸುಮಾರು 42 ಕಿಲೋಜೌಲ್. ಗ್ಲಾಬರ್ ಲವಣವಾದರೋ ಸುಮಾರು 32 ಡಿಗ್ರಿಯಲ್ಲಿ ಕರಗುವಾಗಲೇ ಕಿಲೋಗ್ರಾಮಿಗೆ ಹತ್ತಿರಹತ್ತಿರ 250 ಕಿಲೋಜೌಲ್ ಹೀರಿಕೊಂಡು, ಮರಳಿ ಗಟ್ಟಿಯಾಗುವಾಗ ಅಷ್ಟನ್ನೂ ಹಿಂತಿರುಗಿಸುತ್ತದೆ. ತೊಟ್ಟಿಯ ಗಾತ್ರ ಇದರಿಂದ ಬಹಳಷ್ಟು ಇಳಿಯುತ್ತದೆ, ಲವಣವೂ ಅಗ್ಗ. ಆದರೆ ಲವಣದ ಯೋಗ್ಯತೆಯ ವಿಷಯದಲ್ಲಿ ಹಾಟಲ್ ಮತ್ತು ಟೆಲ್ಕೆಸ್‌ರಿಗೆ ಒಮ್ಮತವಿರಲಿಲ್ಲ. ಆದಕಾರಣ ಡೋವರಿನ ಮನೆ ಸಂಸ್ಥೆಯ ಆಶ್ರಯವಿಲ್ಲದೆಯೇ ಎದ್ದಿತು. ಹಣ ಕೊಟ್ಟವರು ಶಿಲ್ಪಿ ಅಮೇಲಿಯಾ ಪೀಬಡಿ, ನಕ್ಷೆ ರಚಿಸಿದವರು ವಾಸ್ತುಶಿಲ್ಪಿ ಎಲಿನರ್ ರೇಮಂಡ್. ಮೂವರು ಸ್ತ್ರೀಯರ ಈ ಸಹಯೋಗ ಆ ಕಾಲಕ್ಕೆ ವಿರಳವಾದುದೇ ಸರಿ.

ಮನೆಯ ಮೇಲಂತಸ್ತಿನ ದಕ್ಷಿಣ ಮುಖದುದ್ದಕ್ಕೂ 18 ಗಾಜಿನ ಸಂಗ್ರಾಹಕಗಳಿದ್ದುವು. ಗಾಜಿನ ಹಿಂದಿನ ಕಪ್ಪು ತಗಡುಗಳು ಬಿಸಿಲಿಗೆ ಕಾದು ಗಾಳಿಯನ್ನು ಬಿಸಿಮಾಡುತ್ತಿದ್ದುವು. ಆ ಗಾಳಿಯನ್ನು ಬೀಸಣಿಗೆಯಂತ್ರಗಳು ಲವಣದ ಕೋಶಗಳಿಗೆ ತಳ್ಳುತ್ತಿದ್ದುವು. ಕೋಶಗಳಲ್ಲಿ ತುಂಬಿದ ಲವಣ ಸುಮಾರು 21 ಟನ್. ಸಾಮಾನ್ಯ ಮನೆಗಳಲ್ಲಿರುವ ತೈಲದ ಕುಲುಮೆಯನ್ನೇ ಬಿಟ್ಟು, ಸೂರ್ಯನೊಬ್ಬನಿಂದಲೇ ಮನೆಯನ್ನು ಬೆಚ್ಚಗಿಡುವುದು ಅವರ ಹಂಬಲ. ಟೆಲ್ಕೆಸ್‌ರ ಬಂಧುಗಳೇ ಸಂಸಾರಸಮೇತ ಅಲ್ಲಿ ವಾಸಿಸಿದರು. ಮೊದಲೆರಡು ಚಳಿಗಾಲಗಳು ಒಂದು ರೀತಿಯಲ್ಲಿ ಸಾಗಿದುವು. ಮೂರನೆಯ ಚಳಿಗಾಲಕ್ಕೆ ಕೋಶಗಳು ಕೈಕೊಟ್ಟುವು. ಕೆಲವು ವರ್ಷಗಳಲ್ಲಿ ಆ ವ್ಯವಸ್ಥೆಯನ್ನೇ ಕಿತ್ತು ಮಾಮೂಲಿನ ಕುಲುಮೆಯನ್ನು ಕೂಡಿಸಬೇಕಾಯಿತು.

ಕಾರಣ ಲವಣದ ಸ್ವಭಾವದಲ್ಲಿತ್ತು. ಗ್ಲಾಬರ್ ಲವಣದ ಹರಳಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ. ಕಾದಾಗ ಅದು ಮಂಜುಗಡ್ಡೆಯಂತೆ ಏಕರೂಪವಾಗಿ ಕರಗುವುದಿಲ್ಲ: ಒಂದಂಶ ಆ ನೀರಿನಲ್ಲಿ ಕರಗಲಾರದೆ ನಿರ್ಜಲ ಲವಣವಾಗಿ ಬೇರ್ಪಟ್ಟು ತಳಕ್ಕಿಳಿಯುತ್ತದೆ. ತಣಿದಾಗ ಮೇಲಣ ದ್ರವ ಮೊದಲು ಹರಳುಗಟ್ಟಿ ತಳದ ಲವಣಕ್ಕೆ ನೀರು ತಲಪದಂತೆ ತಡೆಯುತ್ತದೆ. ಹೀಗೆ ಕರಗಿ ಹೆಪ್ಪುಗಟ್ಟಿದಷ್ಟು ಸಲವೂ ಶಾಖ ಹಿಡಿಯುವ ಶಕ್ತಿ ಕುಗ್ಗುತ್ತ ಹೋಗುತ್ತದೆ. ಲವಣ ತಣ್ಣಗಾದರೂ ಗಟ್ಟಿಯಾಗದೆ ಉಳಿಯುವ ಇನ್ನೊಂದು ದೋಷಕ್ಕೆ ಟೆಲ್ಕೆಸ್ ಬಿಳಿಗಾರವನ್ನು ಬೆರೆಸುವ ಉಪಾಯ ಕಂಡುಕೊಂಡು 1952ರಲ್ಲಿ ಪ್ರಕಟಿಸಿದರು. ಲವಣ ತಳಕ್ಕಿಳಿಯುವ ದೋಷ ಮಾತ್ರ ಬಹುಕಾಲ ಬಗೆಹರಿಯಲಿಲ್ಲ.

ಚರಿತ್ರೆಯನ್ನು ಬರೆದವರಲ್ಲಿ ಹೆಚ್ಚಿನವರು ಇಲ್ಲಿಗೆ ನಿಲ್ಲಿಸುತ್ತಾರೆ: ಉಪ್ಪು ಕೆಟ್ಟಿತು, ಪ್ರಯೋಗ ಕೆಟ್ಟಿತು. ಆದರೆ 21 ಟನ್ ಲವಣ ಏಕೆ ಬೇಕಾಯಿತು? ಮನೆ ಅಷ್ಟು ಶಾಖವನ್ನು ಹೊರಕ್ಕೆ ಚೆಲ್ಲುತ್ತಿದ್ದುದರಿಂದ. ಶಾಖವನ್ನು ಎಲ್ಲಿಂದ ತರುವುದು, ಎಲ್ಲಿ ಕೂಡಿಡುವುದು ಎಂಬುದರ ಮೇಲೆಯೇ ಅಂದಿನ ಚರ್ಚೆಯೆಲ್ಲ ನೆಟ್ಟಿತ್ತು. ಗೋಡೆಗೆ ಉಷ್ಣನಿರೋಧಕ ತುಂಬುವುದು ಅಂದು ತಿಳಿಯದ ವಿದ್ಯೆಯೇನಲ್ಲ. ಆದರೆ ಎಷ್ಟು ಶಾಖ ಸೋರುತ್ತಿದೆ ಎಂಬ ಲೆಕ್ಕಕ್ಕೆ ಮೊದಲ ಮಣೆ ಸಿಕ್ಕಿರಲಿಲ್ಲ. ಅಧ್ಯಕ್ಷ ಟ್ರೂಮನ್ ನೇಮಿಸಿದ್ದ ವಸ್ತುನೀತಿ ಆಯೋಗವೂ 1952ರಲ್ಲಿ ಇದೇ ಜಾಡಿನಲ್ಲಿ ಯೋಚಿಸಿ, 1975ರ ವೇಳೆಗೆ ಅಮೆರಿಕದ ಸುಮಾರು 1 ಕೋಟಿ 30 ಲಕ್ಷ ಕಟ್ಟಡಗಳನ್ನು ಸೂರ್ಯನೇ ಕಾಯಿಸಬಹುದೆಂದು ಎಣಿಸಿತು. ಅಗ್ಗದ ತೈಲ ಮತ್ತು ಅನಿಲ ಆ ಎಣಿಕೆಯನ್ನು ಬುಡಮೇಲು ಮಾಡಿದುವು. 1957ರಲ್ಲಿ ಡೆನ್ವರಿನಲ್ಲಿ ತಮ್ಮ ಮನೆ ಕಟ್ಟಿಸಿದ ಜಾರ್ಜ್ ಲೋಫ್ ಹೆಚ್ಚು ವ್ಯವಹಾರಜ್ಞರು: ಜಲ್ಲಿಕಲ್ಲಿನಲ್ಲಿ ಶಾಖವನ್ನು ಕೂಡಿಟ್ಟು, ಅಗತ್ಯದ ಒಂದಂಶವನ್ನು ಮಾತ್ರ ಸೂರ್ಯನಿಗೆ ವಹಿಸಿ ಉಳಿದುದನ್ನು ಕುಲುಮೆಗೆ ಬಿಟ್ಟರು. ಆ ಏರ್ಪಾಡು ದಶಕಗಳ ಕಾಲ ನಡೆಯಿತು.

ಪ್ರಶ್ನೆಯ ದಿಕ್ಕು ಬದಲಾದದ್ದು 1973ರ ತೈಲಸಂಕಟದ ತರುವಾಯ. ಕೆನಡದ ರಿಜೈನಾ ನಗರದಲ್ಲಿ 1977ರಲ್ಲಿ ಸಸ್ಕಾಚೆವಾನ್ ಸಂರಕ್ಷಣಾಗೃಹವನ್ನು ಕಟ್ಟಿದರು. ಹೆರಾಲ್ಡ್ ಆರ್ ಮುಂತಾದ ಸಂಶೋಧಕರು ದಪ್ಪ ನಿರೋಧಕದ ಗೋಡೆ, ಗಾಳಿ ನುಸುಳದ ಕಟ್ಟಡ, ಹೊರಹೋಗುವ ಗಾಳಿಯ ಬಿಸಿಯನ್ನು ಒಳಬರುವ ಗಾಳಿಗೆ ದಾಟಿಸುವ ಯಂತ್ರ ಇವುಗಳನ್ನು ಅಲ್ಲಿ ಒಟ್ಟುಗೂಡಿಸಿದರು. ಅದೇ ಮನೆಗೆ ದುಬಾರಿಯ ಸೌರಸಂಗ್ರಾಹಕಗಳನ್ನೂ ಅಳವಡಿಸಲಾಗಿತ್ತು. ಮನೆಗೆ ಬೇಕಾದ ಶಾಖವೇ ಅತ್ಯಲ್ಪವಾದುದರಿಂದ ಅವುಗಳ ವೆಚ್ಚಕ್ಕೆ ತಕ್ಕ ಕೆಲಸವಿರಲಿಲ್ಲ. ಮುಂದೆ ಅವನ್ನು ತೆಗೆದುಹಾಕಿದರು. ಜರ್ಮನಿಯ ಡಾರ್ಮ್‌ಸ್ಟಾಟ್ ನಗರದಲ್ಲಿ 1991ರಲ್ಲಿ ವುಲ್ಫ್‌ಗಾಂಗ್ ಫೈಸ್ಟ್ ಮೊದಲಾದವರು ಕಟ್ಟಿಸಿದ ಮನೆಗಳು ಈ ದಾರಿಯನ್ನೇ ಹಿಡಿದುವು. ಅಲ್ಲಿಂದ ಬೆಳೆದ ನಿಯಮದಲ್ಲಿ ಕಾಯಿಸುವ ಯಂತ್ರದ ಹೆಸರಿಲ್ಲ. ಇರುವುದು ಒಂದು ಮಿತಿ, ಚದರ ಮೀಟರಿಗೆ ವರ್ಷಕ್ಕೆ 15 ಕಿಲೋವಾಟ್-ಗಂಟೆ.