ಆಡಿಟರ್ ಎಂಬ ಬಿರುದು

ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿ ಪ್ರಾಂಗಣದಲ್ಲಿ, ಒಣಮೆಣಸಿನಕಾಯಿಯ ಘಾಟಿನ ನಡುವೆ ಗಾದಿಯ ಮೇಲೆ ಕುಳಿತ ಅಡತಿ ವ್ಯಾಪಾರಿಯನ್ನು ಅವನ ತೆರಿಗೆಯ ವಿಷಯವಾಗಿ ವಿಚಾರಿಸಿದರೆ, ಅವನು ಲೆಕ್ಕದ ಪುಸ್ತಕವನ್ನಾಗಲಿ ಕಂಪ್ಯೂಟರನ್ನಾಗಲಿ ತೆರೆಯುವ ಗೋಜಿಗೆ ಹೋಗದೆ, "ನಮ್ಮ ಆಡಿಟರ್ ಸಾಹೇಬ್ರನ್ನ ಕೇಳಿ ಹೇಳ್ತೀನ್ರಿ" ಎಂದು ಮಾತು ಮುಗಿಸುವುದೇ ವಾಡಿಕೆ. ಈ ಸಾಹೇಬರು ಚಾರ್ಟರ್ಡ್ ಅಕೌಂಟಂಟರಿರಬಹುದು. ತೆರಿಗೆಯ ಪ್ರಕರಣಗಳನ್ನು ನಡೆಸುವ ವಕೀಲರಿರಬಹುದು. ಮಾರಾಟ ತೆರಿಗೆಯ ಕಾಲದಿಂದಲೂ ಎಸ್‌ಟಿಪಿ (ಸೇಲ್ಸ್ ಟ್ಯಾಕ್ಸ್ ಪ್ರಾಕ್ಟಿಷನರ್) ಎನಿಸಿಕೊಂಡು ಬಂದ ಹಳಬರಿರಬಹುದು. ಯಾವುದೋ ಅಂಗಡಿಯಲ್ಲಿ ಬಹುಕಾಲ ಕಿರ್ದಿ ಖತಾವಣಿಗಳನ್ನು ಬರೆದು, ಬಳಿಕ ಸ್ವಂತ ಮೇಜೊಂದನ್ನು ಹಾಕಿಕೊಂಡ ದಿವಾನಜಿಯೂ ಇರಬಹುದು. ಪೇಟೆಯ ಬಾಯಲ್ಲಿ ಇವರೆಲ್ಲರಿಗೂ ಒಂದೇ ಬಿರುದು.

ಲ್ಯಾಟಿನ್ ಮೂಲದ ಈ ಶಬ್ದಕ್ಕೆ ಕೇಳುವವನು ಎಂದರ್ಥ. ಓದುಬರಹ ವಿರಳವಾಗಿದ್ದ ಕಾಲದಲ್ಲಿ ಲೆಕ್ಕವನ್ನು ಗಟ್ಟಿಯಾಗಿ ಓದಿ ಹೇಳುವವನೊಬ್ಬ, ಕಿವಿಗೊಟ್ಟು ತಪ್ಪು ಹಿಡಿಯುವವನೊಬ್ಬ. ಆ ಎರಡನೆಯವನೇ ಆಡಿಟರು. ನಮ್ಮ 'ಕೇಳು' ಎಂಬ ಧಾತು ಆಲಿಸುವುದನ್ನೂ ಪ್ರಶ್ನಿಸುವುದನ್ನೂ ಏಕಕಾಲಕ್ಕೆ ಹೊತ್ತಿರುವುದರಿಂದ, ಕೇಳಬೇಕಾಗಿದ್ದವನನ್ನೇ ನಾವು ಕೇಳುವಂತಾದ ಈ ಸ್ಥಾನಪಲ್ಲಟವು ಕನ್ನಡದಲ್ಲಿ ಯಾರಿಗೂ ವಿಚಿತ್ರವಾಗಿ ತೋರಲಿಲ್ಲ. ಲೆಕ್ಕದ ಪರೀಕ್ಷಕನು ಲೆಕ್ಕದ ಉಪದೇಶಕನಾದನು. ಹೆಸರು ಮಾತ್ರ ಹಳೆಯದೇ ಉಳಿಯಿತು.

ಕಾಯಿದೆಯು ಕಾವಲಿಟ್ಟಿರುವುದು ಈ ಹೆಸರಿಗಲ್ಲ, ಇನ್ನೊಂದಕ್ಕೆ. ಧಾರವಾಡ ಜಿಲ್ಲೆಯು ಮುಂಬಯಿ ಆಡಳಿತಕ್ಕೆ ಸೇರಿದ್ದ ದಿನಗಳಲ್ಲಿ, 1918ರಲ್ಲಿ, ಮುಂಬಯಿಯಲ್ಲಿ ಲೆಕ್ಕಶಾಸ್ತ್ರದ ಸರಕಾರಿ ಡಿಪ್ಲೊಮಾ ಆರಂಭವಾಯಿತು. 1932ರ ನಿಯಮಗಳಿಂದ 'ರಜಿಸ್ಟರ್ಡ್ ಅಕೌಂಟಂಟ್' ಎಂಬ ವರ್ಗವು ಹುಟ್ಟಿತು. ಕೊನೆಗೆ 1949ರ ಜುಲೈ 1ರಂದು ಜಾರಿಗೆ ಬಂದ ಅಧಿನಿಯಮವು 'ಚಾರ್ಟರ್ಡ್ ಅಕೌಂಟಂಟ್' ಎಂಬ ಪದವನ್ನು ಸ್ಥಾಪಿಸಿತು. ಚಾರ್ಟರ್ ಎಂದರೆ ರಾಜನ ಸನ್ನದು. ರಾಜನೇ ಇಲ್ಲದ ರಾಜ್ಯವಾಗಲು ನಾವು ಸಿದ್ಧರಾಗುತ್ತಿದ್ದ ವರ್ಷದಲ್ಲಿಯೇ, ಯಾವ ರಾಜನೂ ಕೊಡದ ಸನ್ನದಿನ ಹೆಸರನ್ನು ಶಾಸನದ ಮೂಲಕ ಪಡೆದುಕೊಂಡೆವು! ಆ ಅಧಿನಿಯಮದಿಂದ ಹುಟ್ಟಿದ ವೃತ್ತಿಸಂಸ್ಥೆಯ ಸದಸ್ಯನಲ್ಲದವನು ಈ ಹೆಸರನ್ನು ಇಟ್ಟುಕೊಂಡರೆ ಅದು ಅಪರಾಧವೆಂದು ಅಧಿನಿಯಮದ 24ನೆಯ ಕಲಮು ಸಾರಿತು. ಮೂಲದಲ್ಲಿ ಮೊದಲ ಅಪರಾಧಕ್ಕೆ 1,000 ರೂಪಾಯಿಗಳವರೆಗೆ ದಂಡ, ಮರಳಿ ಮಾಡಿದರೆ ಆರು ತಿಂಗಳವರೆಗೆ ಸೆರೆವಾಸವೂ ಆಗಬಹುದಾಗಿದ್ದಿತು.

ಇದೇ ಕಾಲದಲ್ಲಿ ನಮ್ಮ ಭಾಗದಲ್ಲಿ ನಡೆದ ಇನ್ನೊಂದು ಸಂಗತಿಯನ್ನು ಇದರ ಪಕ್ಕದಲ್ಲಿಟ್ಟು ನೋಡುವುದು ಉಚಿತ. ಚಾಲುಕ್ಯರ ಶಾಸನಗಳ ಸುಂಕವೆರ್ಗಡೆಯಿಂದ ಮೊದಲ್ಗೊಂಡು ಊರೂರಿನ ಕುಲಕರ್ಣಿಯವರೆಗೆ, ಕರಭಾರದ ಲೆಕ್ಕವನ್ನು ಬಲ್ಲವರಿಗೆ ಈ ಸೀಮೆಯಲ್ಲಿ ಹೆಸರುಗಳ ಕೊರತೆಯೇನೂ ಇರಲಿಲ್ಲ. ಕುಲಕರ್ಣಿ ಎಂಬುದು ವತನದ ಹೆಸರು. ಅದಕ್ಕೆ ಕಾಯಿದೆಯ ರಕ್ಷಣೆಯೂ ಉಂಟು, ಜಮೀನೂ ಉಂಟು. ಬೇಕಾದ ಅರ್ಹತೆ ಜನ್ಮವೊಂದೇ. 1950ರ ಮುಂಬಯಿ ಅಧಿನಿಯಮವು ಪರಗಣಾ ಮತ್ತು ಕುಲಕರ್ಣಿ ವತನಗಳನ್ನು ರದ್ದುಗೊಳಿಸಿದಾಗ ಅಧಿಕಾರವು ಹೋಗಿ ಅಡ್ಡಹೆಸರು ಮಾತ್ರ ಉಳಿಯಿತು. ಪರೀಕ್ಷೆಯಿಂದ ಬರುವ ಹೆಸರಿಗೆ ಬೇಲಿ ಹಾಕಿದ ಮರುವರ್ಷವೇ ಹುಟ್ಟಿನಿಂದ ಬರುತ್ತಿದ್ದ ಹೆಸರಿನ ಬೇಲಿಯು ಬಿದ್ದಿತು. ಇಂದು ಅದೇ ಅಡ್ಡಹೆಸರಿನ ಮುಂದೆ 'ಸಿಎ' ಎಂಬ ಎರಡಕ್ಷರಗಳು ಸೇರಿರುವ ಫಲಕಗಳನ್ನು ಹುಬ್ಬಳ್ಳಿಯಲ್ಲಿ ಕಾಣುವುದು ಕಷ್ಟವಲ್ಲ.

ಆದರೆ 'ಟ್ಯಾಕ್ಸ್ ಕನ್ಸಲ್ಟಂಟ್', ಅಂದರೆ ತೆರಿಗೆ ಸಲಹೆಗಾರ, ಎಂಬ ಹೆಸರಿಗೆ ನಮ್ಮ ದೇಶದಲ್ಲಿ ಒಡೆಯರಿಲ್ಲ. ಜರ್ಮನಿಯಲ್ಲಿ 'ಸ್ಟಾಯರ್‌ಬೆರಾಟರ್' ಎಂಬ ಹೆಸರನ್ನು 1961ರ ಕಾಯಿದೆಯು ಕಾಪಾಡುತ್ತದೆ, ಕಠಿಣವಾದ ಪರೀಕ್ಷೆಯನ್ನು ದಾಟದೆ ಅದು ದಕ್ಕದು. ಜಪಾನಿನ 'ಜೈರಿಶಿ'ಗೂ 1951ರಿಂದ ಅಂಥದೇ ಕಾಯಿದೆಯಿದೆ. ಬ್ರಿಟನ್ನಿನಲ್ಲಿ ನಮ್ಮಂತೆಯೇ ಯಾರು ಬೇಕಾದರೂ ತೆರಿಗೆ ಸಲಹೆಗಾರರೆಂದು ಫಲಕ ಬರೆಸಬಹುದು. ನಮ್ಮಲ್ಲಿ ಇದಕ್ಕೊಂದು ವಿನೋದದ ಕೊಂಡಿಯೂ ಇದೆ: ಚಾರ್ಟರ್ಡ್ ಅಕೌಂಟಂಟನು ವೃತ್ತಿಯಲ್ಲಿ ಆ ಹೆಸರಿನ ಜೊತೆಗೆ ಬೇರೊಂದು ಬಿರುದನ್ನು ಧರಿಸಕೂಡದೆಂಬ ನಿರ್ಬಂಧವಿರುವುದರಿಂದ, ಅಧಿಕ ಶಿಕ್ಷಣ ಪಡೆದವನೇ 'ಇನ್‌ಕಮ್ ಟ್ಯಾಕ್ಸ್ ಕನ್ಸಲ್ಟಂಟ್' ಎಂದು ಬರೆಸಿಕೊಳ್ಳಲಾರನು. ಸಲಹೆಗಾರನೆಂಬ ಫಲಕವನ್ನು ಕಂಡರೆ, ಒಳಗಿರುವವರು ಬಹುಶಃ ಸಿಎ ಅಲ್ಲವೆಂದು ತಿಳಿಯಬಹುದು. ಸರ್ವರಿಗೂ ಮುಕ್ತವಾದ ಹೆಸರು, ಅದಕ್ಕೆ ಎಲ್ಲರಿಗಿಂತ ಮೊದಲು ಅರ್ಹನಾದವನಿಗೆ ನಿಷಿದ್ಧವಾಗಿರುವುದು ಸೋಜಿಗವಲ್ಲವೆ?

ಅಧಿಕಾರಿಯ ಮುಂದೆ ಹಾಜರಾಗುವುದಕ್ಕೆ ಮಾತ್ರ ಆದಾಯ ತೆರಿಗೆಯ 1961ರ ಅಧಿನಿಯಮವು ತನ್ನ 288ನೆಯ ಕಲಮಿನಲ್ಲಿ ಪಟ್ಟಿ ಕೊಟ್ಟಿತು: ಬಂಧು, ನೌಕರ, ಬ್ಯಾಂಕಿನ ಅಧಿಕಾರಿ, ವಕೀಲ, ಅಕೌಂಟಂಟ್, ನಿಯಮಗಳು ಒಪ್ಪಿದ ಪದವಿಯುಳ್ಳವರು. ಜಿಎಸ್‌ಟಿಯಲ್ಲಿಯೂ 'ಪ್ರಾಕ್ಟಿಷನರ್' ಎಂದು ನೋಂದಾಯಿಸಿಕೊಂಡು ಪರೀಕ್ಷೆ ಕೊಡಬೇಕು. ಅಂಗಡಿಯ ಗಾದಿಯ ಮೇಲೆ ಕುಳಿತು ಹೇಳುವ ಬುದ್ಧಿಮಾತಿಗೆ ಮಾತ್ರ ಯಾವ ಅರ್ಹತೆಯನ್ನೂ ಯಾರೂ ವಿಧಿಸಿಲ್ಲ. ಪೇಟೆಯ ಹಿತಾಹಿತವೆಲ್ಲ ನಿಂತಿರುವುದಾದರೂ ಆ ಮಾತಿನ ಮೇಲೆಯೇ. ಇದಕ್ಕೆ ಅಮರಗೋಳಕ್ಕೇ ಸಲ್ಲುವ ಉದಾಹರಣೆಯೊಂದಿದೆ. 1984ರ ಹಣಕಾಸು ಅಧಿನಿಯಮವು 40 ಲಕ್ಷ ರೂಪಾಯಿಗಳಿಗೆ ಮೀರಿದ ವಹಿವಾಟಿಗೆ ಲೆಕ್ಕ ತಪಾಸಣೆಯನ್ನು ಕಡ್ಡಾಯ ಮಾಡಿದಾಗ, ಅಡತಿಯ ವಹಿವಾಟೆಂದರೆ ಯಾವುದು, ಅವನ ಕಟ್ಟೆಯ ಮೇಲೆ ಮಾರಾಟವಾದ ರೈತರ ಮಾಲಿನ ಒಟ್ಟು ಬೆಲೆಯೊ, ಅವನ ಕೈಸೇರಿದ ದಲಾಲಿಯಷ್ಟೆಯೊ ಎಂಬ ಪ್ರಶ್ನೆಯು ಎದ್ದಿತು. ಕೇಂದ್ರ ನೇರ ತೆರಿಗೆ ಮಂಡಳಿಯು 1986ರ ಮಾರ್ಚ್ 17ರ 452ನೆಯ ಸುತ್ತೋಲೆಯಲ್ಲಿ, ರೈತನ ಪರವಾಗಿ ಮಾರಿಕೊಡುವ ಕಚ್ಚಾ ಅಡತಿಗೆ ದಲಾಲಿಯೇ ವಹಿವಾಟು, ಸ್ವಂತ ಹೊಣೆಯಲ್ಲಿ ಕೊಂಡು ಮಾರುವ ಪಕ್ಕಾ ಅಡತಿಗೆ ಪೂರ್ತಿ ಮಾರಾಟವೇ ವಹಿವಾಟು ಎಂದು ವಿಂಗಡಿಸಿತು. ಮುಂದೆ ಅಂದಾಜು ಲಾಭದ ಮೇಲೆ ತೆರಿಗೆ ಕಟ್ಟುವ ಸೌಲಭ್ಯವು ಸಣ್ಣ ವ್ಯಾಪಾರಿಗಳಿಗೆ ದೊರೆತಾಗ, ದಲಾಲಿ ವರಮಾನದವರನ್ನು ಅದರಿಂದ ಹೊರಗಿಟ್ಟರು. ಒಂದೇ ಅಂಗಡಿಯವನು ಬೆಳಿಗ್ಗೆ ಕಚ್ಚಾ, ಮಧ್ಯಾಹ್ನ ಪಕ್ಕಾ ಆಗುವುದುಂಟು. ಅವನು ಎಲ್ಲಿ ಯಾವುದಾಗಿದ್ದನೆಂದು ಬಿಡಿಸಿ ಹೇಳುವ ಸೂಕ್ಷ್ಮವಾದ ಕೆಲಸವನ್ನು ಯಾರು ಬೇಕಾದರೂ ಮಾಡಬಹುದು. ಆ ಬಳಿಕದ ತಪಾಸಣೆಯ ವರದಿಗೆ ಸಹಿ ಮಾಡುವ ಹಕ್ಕು ಮಾತ್ರ ಚಾರ್ಟರ್ಡ್ ಅಕೌಂಟಂಟನದು. ಈ ಏಕಾಧಿಕಾರವನ್ನು ಪ್ರಶ್ನಿಸಿದವರ ವಾದವನ್ನು ಸರ್ವೋಚ್ಚ ನ್ಯಾಯಾಲಯವು 1999ರಲ್ಲಿ ತಳ್ಳಿಹಾಕಿತು.

2025ರಲ್ಲಿ ಹೊಸ ಆದಾಯ ತೆರಿಗೆ ಅಧಿನಿಯಮವು ರೂಪುಗೊಳ್ಳುವಾಗ, ಈ ಸಹಿಯ ಹಕ್ಕು ಯಾರದೆಂದು ಗೊತ್ತುಮಾಡುವ 'ಅಕೌಂಟಂಟ್' ಎಂಬ ಪದದ ವ್ಯಾಖ್ಯೆಯಲ್ಲಿ ತಮ್ಮನ್ನೂ ಸೇರಿಸಬೇಕೆಂದು ಕಾಸ್ಟ್ ಅಕೌಂಟಂಟರೂ ಕಂಪನಿ ಸೆಕ್ರೆಟರಿಗಳೂ ಕೇಳಿಕೊಂಡರು, ವ್ಯಾಖ್ಯೆಯು ಅಲುಗಲಿಲ್ಲ. ಹೆಸರನ್ನು ಕಾಯುವುದಕ್ಕಿಂತ ಸಹಿಯನ್ನು ಕಾಯುವುದು ಸುಲಭವೆಂದು ಚಾರ್ಟರ್ಡ್ ಅಕೌಂಟಂಟರೂ ಕಂಡುಕೊಂಡಂತಿದೆ: 2019ರಿಂದೀಚೆಗೆ ಅವರು ಸಹಿ ಮಾಡಿದ ಪ್ರತಿಯೊಂದು ಪ್ರಮಾಣಪತ್ರಕ್ಕೂ ವರದಿಗೂ ಯುಡಿಐಎನ್ ಎಂಬ ಅಂಕಿ-ಅಕ್ಷರಗಳು ಸೇರಿದ 18 ಸ್ಥಾನಗಳ ಗುರುತುಸಂಖ್ಯೆಯು ಕಡ್ಡಾಯವಾಗಿದೆ, ಅದನ್ನು ಅವರ ವೃತ್ತಿಸಂಸ್ಥೆಯ ಜಾಲತಾಣದಲ್ಲಿ ಯಾರು ಬೇಕಾದರೂ ಪರೀಕ್ಷಿಸಬಹುದು. ಅಡತಿಯವನು ತನ್ನ ಸಾಹೇಬರನ್ನು ಆಡಿಟರೆಂದೇ ಕರೆಯಲಿ, ನನ್ನದೇನೂ ತಕರಾರಿಲ್ಲ. ವರದಿ ಕೈಗೆ ಬಂದಾಗ ಆ ಸಂಖ್ಯೆಯನ್ನೊಮ್ಮೆ ತಾಳೆ ನೋಡುವುದನ್ನು ಅವನ ದಿವಾನಜಿಯು ರೂಢಿಸಿಕೊಂಡರೆ ಸಾಕು.